ಪೀಟ್ ಜೌಗಿಗೆ ಹೊರಗಿನ ಗಿಡ ನುಗ್ಗಿದರೆ: ಕತ್ತಿಗಿಂತ ಮೊದಲು ಅಳತೆಕೋಲು ಹಿಡಿಯಿರಿ

ಪೀಟ್ ಜೌಗಿನ ಮೇಲೆ, ಅಂದರೆ ಅರೆ ಕೊಳೆತ ಗಿಡಗಳ ರಾಶಿಯಿಂದಾದ ಒದ್ದೆ ನೆಲದ ಮೇಲೆ, ನಿಂತು ಒಂದು ಹಿಡಿ ಪಾಚಿ ತೆಗೆದು ಹಿಂಡಿ ನೋಡಿ. ಜಾಗ ಚೆನ್ನಾಗಿದ್ದರೆ ನೀರು ಬೆರಳ ಸಂದಿಯಿಂದ ಸುರಿದು, ಮೊಣಕೈವರೆಗೂ ಇಳಿದು, ಅಂಗಿಯ ತೋಳೆಲ್ಲ ಒದ್ದೆ ಮಾಡುತ್ತದೆ. ಸ್ಫ್ಯಾಗ್ನಮ್ ಅನ್ನುವ ಈ ಪಾಚಿ ತನ್ನ ಒಣ ತೂಕದ ಸುಮಾರು 20 ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ವಾರದಿಂದ ಮಳೆ ಬರುತ್ತಿದೆ, ಆದರೂ ಹಿಂಡಿದರೆ ಅಂಗೈ ಮಾತ್ರ ತೇವ ಆಯಿತು ಅಂದರೆ ಅಲ್ಲಿ ಏನೋ ಕೆಟ್ಟಿದೆ. ಹೊರಗಿನ ಗಿಡ ಆಗಲೇ ಬಂದಿರಬಹುದು. ಬಂದಿಲ್ಲ ಅಂದರೆ, ಬರುವುದಕ್ಕೆ ಜಾಗ ರೆಡಿ ಇದೆ. (ಹಿಂಡಿದ ಪಾಚಿಯನ್ನು ತೆಗೆದ ಕಡೆಗೇ ವಾಪಸ್ ಒತ್ತಿ, ಸುಮ್ನೆ ಎಸೆಯಬೇಡಿ.)

ಗಿಡದ ಮಾತು ಬಿಟ್ಟು ನೀರಿನಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಮೊದಲ ಸಲ ಇಂಥ ಕೆಲಸಕ್ಕೆ ಹೋದಾಗ ನಾವು ಎಂಟು ಜನ ಮೂರು ದಿನ ಬಗ್ಗಿ ಬಗ್ಗಿ ಸ್ಪ್ರೂಸ್ ಅನ್ನುವ ಸೂಜಿಯೆಲೆಯ ಮರದ ಸಸಿ ಕಿತ್ತೆವು, ಚೀಲಗಟ್ಟಲೆ ಹೊತ್ತು ತಂದೆವು, ಫೋಟೋ ತೆಗೆಸಿಕೊಂಡೆವು. ಎರಡು ವರ್ಷ ಬಿಟ್ಟು ಹೋಗಿ ನೋಡಿದರೆ ಮತ್ತೆ ಅಷ್ಟೇ ಸಸಿ! ನಾವು ಕಿತ್ತ ಜಾಗದಿಂದ ಹತ್ತು ಹೆಜ್ಜೆ ಆಚೆ ಹಳೇ ಬಸಿಗಾಲುವೆಯೊಂದು ಹರಿಯುತ್ತಲೇ ಇತ್ತು. ಮೂರು ದಿನ ಅದನ್ನು ದಾಟಿ ದಾಟಿ ಓಡಾಡಿದ್ದೆವು, ಒಬ್ಬರಿಗೂ ಅದರ ಕಡೆ ಗಮನ ಹೋಗಿರಲಿಲ್ಲ.

ಅದಕ್ಕೇ ಈ ಬರಹದಲ್ಲಿ ಗಿಡ ಕೀಳುವ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಪೀಟ್ ನೆಲ ಯಾಕೆ ಬೇರೆ

ಸತ್ತ ಗಿಡ, ಪಾಚಿ ಎಲ್ಲ ಕೊಳೆಯಬೇಕಾದರೆ ಗಾಳಿ ಬೇಕು. ನೆಲ ವರ್ಷವಿಡೀ ನೀರಲ್ಲಿ ನೆನೆದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಗಿಡ ಪೂರ್ತಿ ಕೊಳೆಯುವುದಿಲ್ಲ. ಆ ಅರೆ ಕೊಳೆತ ರಾಶಿಯೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ 1 ಮೀಟರ್ ಆಗಲು ಸಾವಿರ ವರ್ಷದ ಲೆಕ್ಕ. ಭೂಮಿಯ ನೆಲದಲ್ಲಿ ಇಂಥ ಜಾಗ ಸುಮಾರು ಶೇಕಡಾ 3 ಮಾತ್ರ. ಆದರೆ ಜಗತ್ತಿನ ಕಾಡುಗಳ ಮರಗಿಡಗಳಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಈ ಶೇಕಡಾ 3ರ ಒಳಗೆ ಕೂತಿದೆ.

ಇಲ್ಲಿ ಬದುಕುವುದು ಸುಲಭ ಅಲ್ಲ. ಬರೀ ಮಳೆ ನೀರು ಕುಡಿದು ಬೆಳೆಯುವ ಜೌಗು, ಅಂದರೆ ಬಾಗ್, ಹುಳಿ ನೆಲ. ಅದರ ಪಿಎಚ್ ಸಾಮಾನ್ಯವಾಗಿ 3.5ರಿಂದ 4.5ರ ಒಳಗೆ ಇರುತ್ತದೆ. ಗೊಬ್ಬರದ ಅಂಶ ಇಲ್ಲವೇ ಇಲ್ಲ ಅನ್ನಬಹುದು, ಬೇರಿಗೆ ಗಾಳಿಯೂ ಇಲ್ಲ. ಈ ಮೂರು ಕಾವಲುಗಾರರು ಇರುವವರೆಗೂ ಹೊರಗಿನ ಗಿಡಗಳಲ್ಲಿ ಹೆಚ್ಚಿನವು ಒಳಗೆ ಬರುವುದಿಲ್ಲ. ಕಾಲುವೆ ತೋಡಿದಿರಿ ಅನ್ನಿ, ನೀರು ಇಳಿಯುತ್ತದೆ, ಗಾಳಿ ಒಳಗೆ ಹೋಗುತ್ತದೆ, ಸಾವಿರ ವರ್ಷ ಸುಮ್ಮನಿದ್ದ ಪೀಟ್ ಕೊಳೆಯಲು ಶುರುವಾಗುತ್ತದೆ. ಕೊಳೆತಾಗ ಸಾರಜನಕ ಹೊರಬರುತ್ತದೆ, ಅಂದರೆ ನೀವೇ ಗೊಬ್ಬರ ಹಾಕಿದ ಹಾಗೆ. ಆಮೇಲೆ ಮರದ ಸಸಿ ಬರುತ್ತದೆ. ಅದು ದೊಡ್ಡದಾದ ಮೇಲೆ ತಾನೇ ನೀರು ಹೀರುತ್ತದೆ, ಮಳೆಯ ಒಂದು ಪಾಲನ್ನು ಎಲೆಯ ಮೇಲೇ ತಡೆದು ಆವಿ ಮಾಡುತ್ತದೆ, ನೆಲ ಇನ್ನಷ್ಟು ಒಣಗುತ್ತದೆ, ಇನ್ನಷ್ಟು ಸಸಿ ಬರುತ್ತವೆ. ಒಂದನ್ನೊಂದು ಎಳೆಯುವ ಸರಪಳಿ ಇದು. ನಡುವಿನ ಕೊಂಡಿ ಕಿತ್ತರೆ ಸಾಲದು, ಮೊದಲ ಕೊಂಡಿ ಹುಡುಕಬೇಕು.

ಇನ್ನೊಂದು ಬಗೆ ಇದೆ, ಫೆನ್ ಅಂತ. ಅದಕ್ಕೆ ನೆಲದೊಳಗಿನ ನೀರು, ಅಕ್ಕಪಕ್ಕದ ಇಳಿಜಾರಿನ ನೀರು ಎರಡೂ ಬರುತ್ತವೆ. ಅಲ್ಲಿ ತೊಂದರೆ ಬಹಳ ಸಲ ಒಳಗಿನದ್ದಲ್ಲ, ಮೇಲಿನ ಹೊಲದಿಂದ ಬರುವ ಗೊಬ್ಬರದ ನೀರಿನದ್ದು. ನೀವು ನಿಂತಿರುವುದು ಯಾವುದರ ಮೇಲೆ ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ, ಯಾಕೆಂದರೆ ಮುಂದಿನ ಎಲ್ಲ ಲೆಕ್ಕ ಅದರ ಮೇಲೆ ನಿಂತಿದೆ.

ಮೊದಲ ಕೆಲಸ: ನೀರು ಅಳೆಯುವುದು

ದೊಡ್ಡ ಉಪಕರಣ ಏನೂ ಬೇಡ. ಸುಮಾರು 1 ಮೀಟರ್ ಉದ್ದದ ಪ್ಲಾಸ್ಟಿಕ್ ಪೈಪ್ ತೆಗೆದುಕೊಳ್ಳಿ, ಉದ್ದಕ್ಕೂ ಸಣ್ಣ ಸಣ್ಣ ತೂತು ಹೊಡೆಯಿರಿ, ಕೆಳಗಿನ ಬಾಯಿ ಮುಚ್ಚಿ, ಪೀಟ್‌ನೊಳಗೆ ನೆಟ್ಟಗೆ ಇಳಿಸಿ. ಒಂದು ಗೇಣು ಮೇಲೆ ಕಾಣುವ ಹಾಗಿರಲಿ. ಮೇಲೊಂದು ಮುಚ್ಚಳ ಹಾಕಿ, ಇಲ್ಲದಿದ್ದರೆ ಹುಳ ಹುಪ್ಪಟೆ ಬಿದ್ದು ಸಾಯುತ್ತವೆ. ಒಂದು ದಿನ ಬಿಟ್ಟು ಹೋಗಿ ಒಳಗೆ ಕೋಲು ಇಳಿಸಿದರೆ ನೀರು ಎಷ್ಟು ಕೆಳಗಿದೆ ಅಂತ ಗೊತ್ತಾಗುತ್ತದೆ. ಪೈಪ್ ನೆಲದ ಮೇಲೆ ಎಷ್ಟು ಕಾಣುತ್ತಿದೆಯೋ ಅಷ್ಟನ್ನು ಕಳೆಯಲು ಮರೆಯಬೇಡಿ. ಈ ತಪ್ಪು ಎಲ್ಲರೂ ಒಂದು ಸಲ ಮಾಡುತ್ತಾರೆ.

ಒಳ್ಳೆಯ ಬಾಗ್‌ನಲ್ಲಿ ವರ್ಷದ ಬಹುಪಾಲು ನೀರು ಮೇಲ್ಮೈಯಿಂದ 10-20 ಸೆಂಟಿಮೀಟರ್ ಒಳಗೇ ಇರುತ್ತದೆ. ಬೇಸಿಗೆಯಲ್ಲಿ ಒಂದಿಷ್ಟು ಇಳಿದರೆ ಗಾಬರಿ ಬೇಡ. ಆದರೆ ತಿಂಗಳುಗಟ್ಟಲೆ 40-50 ಸೆಂಟಿಮೀಟರ್ ಕೆಳಗೇ ಕೂತಿದ್ದರೆ ಅದು ಬಸಿದುಹೋಗುತ್ತಿರುವ ನೆಲ.

ಪೈಪ್‌ಗಳನ್ನು ಒಂದೇ ಕಡೆ ಹಾಕಬೇಡಿ. ಕಾಲುವೆಯ ಅಂಚಿನಿಂದ ಶುರು ಮಾಡಿ 2 ಮೀಟರ್, 5 ಮೀಟರ್, 10 ಮೀಟರ್, 20 ಮೀಟರ್ ಹೀಗೆ ಒಂದು ಸಾಲು ಹಾಕಿ. ಆಗ ಕಾಲುವೆ ಎಷ್ಟು ದೂರದವರೆಗೆ ನೀರು ಎಳೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಅದೇ ಸಾಲಿನಲ್ಲಿ ಸಸಿಗಳನ್ನೂ ಎಣಿಸಿ. ಕಾಲುವೆ ಅಂಚಿಗೆ ಸಸಿ ಜಾಸ್ತಿ, ದೂರ ಹೋದಂತೆ ಕಮ್ಮಿ ಅಂತ ಬಂದರೆ ನಿಮ್ಮ ಶತ್ರು ಗಿಡ ಅಲ್ಲ, ಕಾಲುವೆ. ಸಸಿ ಎಲ್ಲ ಕಡೆ ಒಂದೇ ಥರ ಹರಡಿದ್ದರೆ, ನೀರೂ ಸರಿಯಾಗಿದ್ದರೆ, ಆಗ ಮಾತ್ರ ಗಿಡದ ಗುಣವನ್ನೇ ನೋಡಬೇಕು.

ಒಂಟಿಯಾಗಿ ಹೋಗಬೇಡಿ. ಹಸಿರು ಪಾಚಿ ಹಾಸಿದ ಹಾಗೆ ಕಾಣುವ ಜಾಗದ ಕೆಳಗೆ ಎದೆಮಟ್ಟದ ನೀರಿರಬಹುದು. ಕೈಯಲ್ಲಿ ಕೋಲಿರಲಿ, ಹೆಜ್ಜೆ ಇಡುವ ಮುಂಚೆ ಚುಚ್ಚಿ ನೋಡಿ.

ಯಾರು ಹೊರಗಿನವರು, ಯಾರು ಮನೆಯವರು

ಇಲ್ಲಿ ಎಡವುವುದು ಬಹಳ ಸುಲಭ. ಒಂದು ಜಾಗದ ಕಳೆ ಇನ್ನೊಂದು ಜಾಗದ ಮನೆಮಗ. ಸಾರಸೀನಿಯಾ ಪರ್ಪ್ಯೂರಿಯಾ ಅನ್ನುವ ಹೂಜಿ ಗಿಡ ಉತ್ತರ ಅಮೆರಿಕದ ಜೌಗಿನ ಸ್ವಂತ ಗಿಡ. ಅದನ್ನೇ 1906ರಲ್ಲಿ ಐರ್ಲೆಂಡಿನ ಜೌಗಿನಲ್ಲಿ ತಂದು ನೆಟ್ಟರು, ಅಲ್ಲಿ ಅದು ಹೊರಗಿನದು. ಲೈಥ್ರಮ್ ಅನ್ನುವ ನೇರಳೆ ಹೂವಿನ ಗಿಡ ಯೂರೋಪಿನಲ್ಲಿ ಸಾಧು ಪ್ರಾಣಿ, ಉತ್ತರ ಅಮೆರಿಕದ ಫೆನ್‌ಗಳಲ್ಲಿ ಒಂದೊಂದು ಗಿಡ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಬೀಜ ಉದುರಿಸುವ ತಲೆನೋವು. ಫ್ರಾಗ್ಮೈಟಿಸ್ ಜೊಂಡಿನದು ಇನ್ನೂ ಗೋಜಲು. ಉತ್ತರ ಅಮೆರಿಕದಲ್ಲಿ ಅದರ ಸ್ಥಳೀಯ ತಳಿಯೂ ಇದೆ, ಯೂರೋಪಿನಿಂದ ಬಂದ ತಳಿಯೂ ಇದೆ. ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ. ಗೊತ್ತಿಲ್ಲದೆ ಕತ್ತರಿಸಿದರೆ ಮನೆಯವನನ್ನೇ ಹೊರಗೆ ಹಾಕಿದ ಹಾಗೆ.

ಇದರ ಜೊತೆಗೆ ಮೂರನೆಯ ಗುಂಪೊಂದು ಇದೆ. ಯೂರೋಪಿನ ಜೌಗಿನಲ್ಲಿ ಬರ್ಚ್ ಮರ, ಮೊಲಿನಿಯಾ ಹುಲ್ಲು ಇವು ಅಲ್ಲಿಯವೇ. ಆದರೆ ನೆಲ ಒಣಗಿದರೆ ಹೊರಗಿನವರಿಗಿಂತ ಜೋರಾಗಿ ಹಬ್ಬುತ್ತವೆ. ಇವನ್ನು ಕಳೆ ಅಂತ ಬೈದು ಪ್ರಯೋಜನ ಇಲ್ಲ. ಇವು ಜ್ವರದ ಹಾಗೆ, ಒಳಗಿನ ರೋಗ ಬೇರೆ.

ಗುರುತು ಹಿಡಿಯಲು ಒಳ್ಳೆಯ ಸಮಯ ಯಾವುದು ಅಂದರೆ, ತಣ್ಣನೆಯ ದೇಶಗಳಲ್ಲಿ ಚಳಿಗಾಲ. ಹುಲ್ಲೆಲ್ಲ ಕಂದು ಬಣ್ಣಕ್ಕೆ ತಿರುಗಿರುವಾಗ ಸ್ಪ್ರೂಸ್, ಪೈನ್, ರೋಡೊಡೆಂಡ್ರಾನ್ ಸಸಿ ಹಸಿರು ಚುಕ್ಕಿ ಇಟ್ಟ ಹಾಗೆ ಎದ್ದು ಕಾಣುತ್ತವೆ. ದೂರದ ಗುಡ್ಡದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೂ ಸಾಕು. ಡ್ರೋನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಹಕ್ಕಿ ಗೂಡು ಕಟ್ಟುವ ತಿಂಗಳಲ್ಲಿ ಹಾರಿಸಬೇಡಿ.

ನಕ್ಷೆ ಮಾಡುವಾಗ ಗಿಡ ಇರುವ ಜಾಗ ಮಾತ್ರ ಗುರುತು ಹಾಕಿದರೆ ಅರ್ಧ ಕೆಲಸ ಅಷ್ಟೇ. ಬೀಜ ಎಲ್ಲಿಂದ ಬರುತ್ತಿದೆ ಅನ್ನುವುದನ್ನೂ ಹಾಕಿ. ಸ್ಕಾಟ್ಲೆಂಡಿನ ಫ್ಲೋ ಕಂಟ್ರಿ ನೋಡಿ. 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೌಗು ಪ್ರದೇಶ ಅದು. 1970-80ರ ದಶಕಗಳಲ್ಲಿ ತೆರಿಗೆ ರಿಯಾಯಿತಿಯ ಆಸೆಗೆ ಅದರ ತುಂಬ ಸಿಟ್ಕಾ ಸ್ಪ್ರೂಸ್, ಲಾಡ್ಜ್‌ಪೋಲ್ ಪೈನ್ ತೋಟ ಹಾಕಿದರು. ಇಂಥ ತೋಟ ಪಕ್ಕದಲ್ಲಿ ಇರುವವರೆಗೂ ಗಾಳಿಗೆ ಬೀಜ ಹಾರಿ ಜೌಗಿಗೆ ಬೀಳುತ್ತಲೇ ಇರುತ್ತದೆ. ಹಾಗಿದ್ದರೆ ಸಸಿ ಕೀಳುವುದು ವರ್ಷ ವರ್ಷದ ಬಾಡಿಗೆ ಕಟ್ಟಿದ ಹಾಗೆ ಅಂತ ಮೊದಲೇ ಒಪ್ಪಿಕೊಂಡು ಯೋಜನೆ ಮಾಡಬೇಕು. ನೆದರ್ಲೆಂಡ್ಸ್, ಜರ್ಮನಿಯ ಕೆಲವು ಜೌಗುಗಳಲ್ಲಿ ಬೀಜ ತರುವವರು ಹಕ್ಕಿಗಳು. ಬ್ಲೂಬೆರಿ ತೋಟದಲ್ಲಿ ಹಣ್ಣು ತಿಂದು ಬಂದು ಪೀಟ್ ಮೇಲೆ ಹಿಕ್ಕೆ ಹಾಕುತ್ತವೆ, ಅಷ್ಟೇ. ಹಕ್ಕಿಗೆ ಏನು ಹೇಳುತ್ತೀರಿ!

ಕಾಲುವೆಗೆ ಕಟ್ಟೆ ಹಾಕುವುದು

ಬಸಿಗಾಲುವೆ ಸಿಕ್ಕಿತು, ಅದೇ ಕಾರಣ ಅಂತ ಗೊತ್ತಾಯಿತು ಅನ್ನಿ. ಈಗ ಅದನ್ನು ಮುಚ್ಚಬೇಕು. ಕೆಲಸಕ್ಕೆ ಕೈ ಹಾಕುವ ಮುಂಚೆ ಎರಡು ಮಾತು. ಪೀಟ್ ಜೌಗು ಬಹಳ ಕಡೆ ಸಂರಕ್ಷಿತ ಜಾಗ, ಹಾಗಾಗಿ ಅನುಮತಿ ಬೇಕಾಗುತ್ತದೆ. ಮತ್ತೆ, ನಿಮ್ಮ ಕಟ್ಟೆಯಿಂದ ಪಕ್ಕದವರ ಜಮೀನಿಗೆ ನೀರು ನುಗ್ಗುತ್ತದಾ ಅಂತ ನೋಡಿ. ಆ ಜಗಳ ಶುರುವಾದರೆ ಜೌಗೂ ಇಲ್ಲ ಏನೂ ಇಲ್ಲ.

ಕಟ್ಟೆಗೆ ಒಳ್ಳೆಯ ಸಾಮಾನು ಪೀಟ್ ತಾನೇ. ಆದರೆ ಮೇಲಿನ ಒಣ ಪುಡಿ ಪೀಟ್ ಬೇಡ, ಅದು ನೀರು ತಡೆಯುವುದಿಲ್ಲ. ಸ್ವಲ್ಪ ಆಳದಿಂದ ಕಪ್ಪಗೆ, ಒದ್ದೆಯಾಗಿ, ಕೈಯಲ್ಲಿ ಹಿಸುಕಿದರೆ ಬೆರಳ ಸಂದಿಯಿಂದ ಬೆಣ್ಣೆಯ ಹಾಗೆ ಜಾರಿ ಹೊರಬರುವ ಪೀಟ್ ತೆಗೆಯಿರಿ. ಕಾಲುವೆಯ ತಳ ಮತ್ತು ಎರಡೂ ಗೋಡೆಗಳ ಮೇಲಿನ ಹುಲ್ಲು, ಬೇರು, ಸಡಿಲ ಕೆಸರು ಎಲ್ಲ ಕೆರೆದು ಹಾಕಿ, ಗಟ್ಟಿ ಪೀಟ್ ಸಿಗುವವರೆಗೆ ಗೋಡೆಯೊಳಕ್ಕೆ ಕೊರೆಯಿರಿ. ಕಟ್ಟೆ ಎರಡೂ ಕಡೆ ಆ ಗೋಡೆಯೊಳಕ್ಕೆ ಹೊಕ್ಕು ಕೂರಬೇಕು. ಪದರ ಪದರವಾಗಿ ಹಾಕಿ ತುಳಿದು ಗಟ್ಟಿ ಮಾಡಿ. ಪೀಟ್ ಕುಗ್ಗುತ್ತದೆ, ಅದಕ್ಕೆ ಅಕ್ಕಪಕ್ಕದ ನೆಲಕ್ಕಿಂತ ಒಂದು ಗೇಣು ಎತ್ತರಕ್ಕೇ ಕಟ್ಟಿ. ಪೀಟ್ ಅಗೆಯುವ ಮುಂಚೆ ಬೇರು ಸಮೇತ ಎತ್ತಿಟ್ಟ ಹುಲ್ಲುಹೆಂಟೆಯನ್ನು ಮೇಲೆ ಹೊದಿಸಿ. ಬೋಳು ಬಿಟ್ಟರೆ ಒಣಗಿ ಬಿರುಕು ಬಿಡುತ್ತದೆ, ಮೇಲಾಗಿ ಮೊದಲ ಕಳೆ ಹುಟ್ಟುವುದೇ ಅಲ್ಲಿ.

ಕಟ್ಟೆ ಕಟ್ಟೆಗೆ ಎಷ್ಟು ದೂರ? ಅದು ಇಳಿಜಾರಿನ ಮೇಲೆ ಹೋಗುತ್ತದೆ. ಕೆಳಗಿನ ಕಟ್ಟೆ ತಡೆದ ನೀರು ಹಿಂದಕ್ಕೆ ನಿಂತು ಮೇಲಿನ ಕಟ್ಟೆಯ ಬುಡ ಮುಟ್ಟಬೇಕು. ಮುಟ್ಟದೆ ನಡುವೆ ಒಣ ಜಾಗ ಉಳಿದರೆ ಅಲ್ಲಿ ಕಾಲುವೆ ಇನ್ನೂ ಕಾಲುವೆಯೇ. ಕಾಲುವೆ ದೊಡ್ಡದಿದ್ದರೆ, ನೀರಿನ ರಭಸ ಇದ್ದರೆ ಬರೀ ಪೀಟ್ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಹಲಗೆ ಅಥವಾ ಮರದ ಹಲಗೆ ಹೊಡೆಯಬೇಕಾಗುತ್ತದೆ. ಅದು ಅನುಭವಸ್ಥರ ಕೆಲಸ.

ಉಷ್ಣ ದೇಶದ ಪೀಟ್ ಕಾಡುಗಳಲ್ಲೂ ಮೂಲ ಕಥೆ ಇದೇ. ಇಂಡೋನೇಷ್ಯಾದಲ್ಲಿ ಕಾಲುವೆ ತೋಡಿ ಒಣಗಿಸಿದ ಪೀಟ್‌ಗೆ 1997ರಲ್ಲಿ, ಮತ್ತೆ 2015ರಲ್ಲಿ ಬೆಂಕಿ ಬಿದ್ದು ಅಕ್ಕಪಕ್ಕದ ದೇಶಗಳಿಗೂ ಹೊಗೆ ತುಂಬಿತು. 2016ರಲ್ಲಿ ಆ ದೇಶ ಪೀಟ್ ನೆಲ ಸರಿಪಡಿಸಲು ಪ್ರತ್ಯೇಕ ಸಂಸ್ಥೆಯನ್ನೇ ಮಾಡಿತು. ಸುಟ್ಟ ಜಾಗದಲ್ಲಿ ಮೊದಲು ಏಳುವುದು ಜರಿಗಿಡ, ಹುಲ್ಲು, ತೋಟ ಪಕ್ಕದಲ್ಲಿದ್ದರೆ ಅಕೇಶಿಯಾ ಸಸಿ. ಅಲ್ಲಿ ಕಾಲುವೆಗೆ ಕಟ್ಟೆ ಹಾಕಿದ ಮೇಲೆ ಸ್ಥಳೀಯ ಮರಗಳನ್ನು ನೆಟ್ಟು ನೆರಳು ತರುವುದೇ ಕಳೆಗೆ ಮದ್ದು. ಬಾಗ್‌ನಲ್ಲಿ ಮರ ಬೇಡ, ಉಷ್ಣ ದೇಶದ ಪೀಟ್ ಕಾಡಿನಲ್ಲಿ ಮರ ಬೇಕು, ಇದನ್ನು ತಲೆಕೆಳಗೆ ಮಾಡಬೇಡಿ.

ಈಗ ಗಿಡ ತೆಗೆಯುವ ಮಾತು

ನೀರು ಏರಿದ ಮೇಲೆ ಸಣ್ಣ ಸಸಿಗಳಲ್ಲಿ ಎಷ್ಟೋ ತಾವೇ ಹಳದಿಯಾಗಿ ಸಾಯುತ್ತವೆ. ಸಿಟ್ಕಾ ಬೇಗ ಸೋಲುತ್ತದೆ, ಲಾಡ್ಜ್‌ಪೋಲ್ ಪೈನ್ ಸ್ವಲ್ಪ ಹಟಮಾರಿ, ಒದ್ದೆ ನೆಲವನ್ನು ಅದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಉಳಿದವನ್ನು ಕೈಯಿಂದ ತೆಗೆಯಬೇಕು.

ಮೊಣಕಾಲುದ್ದದ ಸ್ಪ್ರೂಸ್ ಸಸಿ ಕೀಳುವುದು ಹೇಗೆ ಅಂದರೆ: ಒಂದು ಕೈಯಲ್ಲಿ ಬುಡ ಹಿಡಿಯಿರಿ, ಇನ್ನೊಂದು ಅಂಗೈಯನ್ನು ಬುಡದ ಸುತ್ತಲಿನ ಪಾಚಿಯ ಮೇಲೆ ಒತ್ತಿಡಿ, ಆಮೇಲೆ ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಬೇರು ಆಳಕ್ಕೆ ಹೋಗಿರುವುದಿಲ್ಲ, ತಟ್ಟೆಯ ಹಾಗೆ ಮೇಲೇ ಹರಡಿರುತ್ತದೆ, ಅದಕ್ಕೇ ಸುತ್ತಲಿನ ಪಾಚಿಯೆಲ್ಲ ಜೊತೆಗೆ ಎದ್ದು ಬರುತ್ತದೆ. ಒತ್ತಿ ಹಿಡಿದರೆ ಬರುವುದಿಲ್ಲ. ಕೊನೆಯಲ್ಲಿ ಲೊಚಕ್ ಅಂತ ಸದ್ದು ಬರುತ್ತದೆ, ಕೆಳಗೆ ಕಪ್ಪು ತೂತು ಕಾಣುತ್ತದೆ. ಆ ತೂತಿನ ಮೇಲೆ ಪಾಚಿಯನ್ನು ಎಳೆದು ಕೂರಿಸಿ, ಬೂಟಿನ ಅಂಚಿನಿಂದ ಮೆಲ್ಲಗೆ ಒತ್ತಿ. ಹೀಗೆ ಮಾಡಿದರೆ ಒಂದು ಸಸಿಗೆ ಅರ್ಧ ನಿಮಿಷ ಹಿಡಿಯುತ್ತದೆ. ಹೌದು, ನಿಧಾನ. ಆದರೆ ಬೋಳು ಪೀಟ್ ಬಿಟ್ಟು ಹೋದರೆ ಅಲ್ಲಿ ಇನ್ನೆರಡು ಸಸಿ ಹುಟ್ಟುತ್ತವೆ, ಲೆಕ್ಕ ನೀವೇ ಹಾಕಿ.

ಸಸಿ ಸೊಂಟಕ್ಕಿಂತ ಎತ್ತರ ಇದ್ದರೆ ಕೀಳಬೇಡಿ, ಗರಗಸದಿಂದ ಕೊಯ್ಯಿರಿ. ಸ್ಪ್ರೂಸ್ ಮೋಟಿನಿಂದ ಚಿಗುರುವುದಿಲ್ಲ, ಅದೊಂದು ಪುಣ್ಯ. ಆದರೆ ಒಂದು ಷರತ್ತು ಇದೆ. ಎಲ್ಲಕ್ಕಿಂತ ಕೆಳಗಿನ ಹಸಿರು ಕೊಂಬೆಗಿಂತಲೂ ಕೆಳಗೆ ಕೊಯ್ಯಬೇಕು. ಪಾಚಿಯೊಳಗೆ ಹುದುಗಿದ ಒಂದೇ ಒಂದು ಹಸಿರು ಕೊಂಬೆ ಉಳಿದರೂ ಅದು ಮೆಲ್ಲಗೆ ಮೇಲಕ್ಕೆ ತಿರುಗಿ ಹೊಸ ಮರವಾಗುತ್ತದೆ. ಬಗ್ಗಿ, ಪಾಚಿ ಸರಿಸಿ, ಬೆರಳಿಂದ ತಡವಿ ನೋಡಿ, ಆಮೇಲೆ ಕೊಯ್ಯಿರಿ. ಬೆನ್ನು ನೋಯುತ್ತದೆ, ನಿಜ.

ರೋಡೊಡೆಂಡ್ರಾನ್ ಪಾಂಟಿಕಮ್ ಬೇರೆಯೇ ಜಾತಿಯ ತಲೆನೋವು. 1763ರಲ್ಲಿ ಚಂದದ ಹೂವಿಗಾಗಿ ಬ್ರಿಟನ್ನಿಗೆ ತಂದದ್ದು, ಈಗ ಬ್ರಿಟನ್, ಐರ್ಲೆಂಡ್ ಎರಡರಲ್ಲೂ ಕಾಡು, ಜೌಗು ಹಬ್ಬಿದೆ. ದೊಡ್ಡ ಪೊದೆಯೊಂದು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಬೀಜ ಬಿಡಬಲ್ಲದು, ಬೀಜ ಧೂಳಿನಷ್ಟು ಸಣ್ಣದು, ಒದ್ದೆ ಪಾಚಿಯ ಮೇಲೆ ಬಿದ್ದರೆ ಸುಖವಾಗಿ ಮೊಳೆಯುತ್ತದೆ. ಅಂದರೆ ನೀರು ಸರಿ ಮಾಡಿದ ಮಾತ್ರಕ್ಕೆ ಇದು ಹೋಗುವುದಿಲ್ಲ. ಕತ್ತರಿಸಿದರೆ ಮೋಟಿನಿಂದ ಇನ್ನೂ ದಟ್ಟವಾಗಿ ಚಿಗುರುತ್ತದೆ, ಕೊಂಬೆ ನೆಲಕ್ಕೆ ತಾಗಿದ ಕಡೆ ಬೇರು ಬಿಡುತ್ತದೆ. ಇದಕ್ಕಿರುವ ಒಂದೇ ದುರ್ಬಲ ಜಾಗ ಅಂದರೆ, ಸಸಿ ಹೂ ಬಿಡಲು ಸುಮಾರು ಹತ್ತು ವರ್ಷ ಬೇಕು. ಆ ಹತ್ತು ವರ್ಷದೊಳಗೆ ಸಸಿ ಕಂಡರೆ ಕೈಯಲ್ಲೇ ಕಿತ್ತು ಮುಗಿಸಬಹುದು. ಹೂ ಬಿಡುವ ಪೊದೆಯನ್ನು ಬುಡಕ್ಕೆ ಕೊಯ್ದು, ಕೊಯ್ದ ಕೂಡಲೇ ಹಸಿ ಮೋಟಿಗೆ ಕಳೆನಾಶಕ ಬಳಿಯಬೇಕು, ಇಲ್ಲವೇ ಕಾಂಡಕ್ಕೆ ತೂತು ಕೊರೆದು ಒಳಗೆ ಹಾಕಬೇಕು. ತಡ ಮಾಡಿದರೆ ಮೋಟು ಅದನ್ನು ಒಳಗೆ ಎಳೆದುಕೊಳ್ಳುವುದಿಲ್ಲ.

ಕಳೆನಾಶಕದ ವಿಷಯಕ್ಕೆ ಬಂದೆ, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ. ಜೌಗಿನ ಮೇಲೆ ಸ್ಪ್ರೇ ಹೊಡೆಯುವುದು ನನಗೆ ಇಷ್ಟವಿಲ್ಲ. ನೆಲವೆಲ್ಲ ನೀರು, ಪಾಚಿಗೆ ಬಿದ್ದ ಹನಿ ಪಾಚಿಯನ್ನೂ ಸುಡಬಹುದು, ಗಾಳಿಗೆ ಎಲ್ಲೋ ಹೋಗಿ ಬೀಳಬಹುದು. ನೀರಿನ ಹತ್ತಿರ ಬಳಸಲು ಒಪ್ಪಿಗೆ ಇರುವ ಔಷಧಿ ಯಾವುದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ಕೆಲವು ಕಡೆ ತರಬೇತಿ ಪತ್ರ ಇಲ್ಲದೆ ಮುಟ್ಟುವ ಹಾಗೇ ಇಲ್ಲ. ಬಳಸಲೇಬೇಕಾದರೆ ಬ್ರಷ್‌ನಿಂದ ಬಳಿಯಿರಿ, ಬಣ್ಣ ಬೆರೆಸಿ, ಯಾವ ಮೋಟಿಗೆ ಹಚ್ಚಿದ್ದೀರಿ ಅಂತ ಕಾಣಲಿ. ಮಳೆ ಬರುವ ದಿನ ಬೇಡವೇ ಬೇಡ.

ಟೈಫಾ, ಫ್ರಾಗ್ಮೈಟಿಸ್ ಥರದ ಜೊಂಡಿಗೆ ಔಷಧಿ ಇಲ್ಲದ ಒಂದು ಉಪಾಯ ಇದೆ. ಇವುಗಳ ಬೇರುಗಡ್ಡೆ ಕೆಸರಿನೊಳಗೆ ಉಸಿರಾಡುವುದು ಮೇಲಿನ ಟೊಳ್ಳು ಕಾಂಡದ ಮೂಲಕ, ಸ್ಟ್ರಾ ಇಟ್ಟ ಹಾಗೆ. ಕಾಂಡವನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ದರೆ ಸ್ಟ್ರಾ ಮುಳುಗುತ್ತದೆ, ಗಡ್ಡೆಗೆ ಉಸಿರು ಕಟ್ಟುತ್ತದೆ. ಒಂದು ಸಲಕ್ಕೆ ಸಾಯುವುದಿಲ್ಲ, ಚಿಗುರಿದ ಹಾಗೆಲ್ಲ ಮತ್ತೆ ಮುಳುಗಿಸಿ ಕೊಯ್ಯಬೇಕು. ಕೊಯ್ದದ್ದನ್ನು ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರವಾಗುತ್ತದೆ, ಹೊತ್ತು ಆಚೆ ಹಾಕಿ. ಫೆನ್‌ನಲ್ಲಂತೂ ಇದು ಮುಖ್ಯ, ಅಲ್ಲಿ ಗೊಬ್ಬರ ಮೊದಲೇ ಜಾಸ್ತಿ. ಮೇಲಿನ ಹೊಲದಿಂದ ಬರುವ ನೀರನ್ನು ಬೇರೆ ಕಡೆ ತಿರುಗಿಸದೆ ಜೊಂಡು ಕೊಯ್ಯುತ್ತಾ ಕೂತರೆ ನೀವು ಅವರ ಹೊಲದ ಗೊಬ್ಬರವನ್ನು ಪುಕ್ಕಟೆ ಹೊರುತ್ತಿದ್ದೀರಿ ಅಷ್ಟೇ.

ಹೂಜಿ ಗಿಡಕ್ಕೆ ನೀರು ಏರಿಸುವ ಉಪಾಯ ನಡೆಯುವುದೇ ಇಲ್ಲ, ಅದಕ್ಕೆ ಒದ್ದೆ ಅಂದರೆ ಹಬ್ಬ. ಒಂದೊಂದನ್ನೇ ಬೇರುಗಡ್ಡೆ ಸಮೇತ ಎತ್ತಬೇಕು, ಅದೂ ಬೀಜಕೋಶ ಒಡೆಯುವ ಮುಂಚೆ. ಬೇಜಾರಿನ ಸಂಗತಿ ಅಂದರೆ ಎಷ್ಟೋ ಕಡೆ ಇದನ್ನು ನೆಟ್ಟವರು ಗಿಡಪ್ರೇಮಿಗಳೇ.

ಇನ್ನು ಎವರ್‌ಗ್ಲೇಡ್ಸ್‌ನ ಮೆಲಲ್ಯೂಕಾ. ಆಸ್ಟ್ರೇಲಿಯಾದ ಈ ಮರ ಫ್ಲೋರಿಡಾದ ಜೌಗನ್ನು ನುಂಗಿದ ಕಥೆಯಿಂದ ಒಂದು ಪಾಠ ಎಲ್ಲ ಕಡೆಗೂ ಬೇಕು. ಅದರ ಬೀಜ ಮರದ ಮೇಲೇ ಗಟ್ಟಿ ಕೋಶದೊಳಗೆ ವರ್ಷಗಟ್ಟಲೆ ಕೂತಿರುತ್ತದೆ. ಕಡಿದರೆ, ಸುಟ್ಟರೆ, ಔಷಧಿ ಹಾಕಿದರೆ ಕೋಶಗಳು ಬಾಯಿ ಬಿಟ್ಟು ಲಕ್ಷಗಟ್ಟಲೆ ಬೀಜ ಉದುರಿಸುತ್ತವೆ. ಕೊಂದೆ ಅಂತ ನೀವು ಕೈ ಒರೆಸಿಕೊಳ್ಳುವ ಹೊತ್ತಿಗೆ ಅದು ಮಕ್ಕಳನ್ನು ಬಿತ್ತಿ ಆಗಿರುತ್ತದೆ. ಆದ್ದರಿಂದ ಮರ ಕಡಿಯುವ ದಿನವೇ ಮುಂದಿನ ಸಸಿ ಕೀಳುವ ದಿನವನ್ನೂ ಗೊತ್ತು ಮಾಡಬೇಕು. ಅಲ್ಲಿ 1997ರಲ್ಲಿ ಆಸ್ಟ್ರೇಲಿಯಾದ ಸೊಂಡಿಲು ಹುಳು ತಂದು ಬಿಟ್ಟರು, ಅದು ಚಿಗುರೆಲೆ ತಿಂದು ಹೂ, ಬೀಜ ಎರಡನ್ನೂ ಕಡಿಮೆ ಮಾಡಿತು. ಹುಳು ಬಿಡುವುದು ಸರ್ಕಾರಿ ವಿಜ್ಞಾನಿಗಳು ವರ್ಷಗಟ್ಟಲೆ ಪರೀಕ್ಷೆ ಮಾಡಿ ಮಾಡುವ ಕೆಲಸ, ನೀವು ನಾವು ಡಬ್ಬಿಯಲ್ಲಿ ತಂದು ಬಿಡುವುದಲ್ಲ.

ಸುಟ್ಟುಬಿಟ್ಟರೆ ಬೇಗ ಮುಗಿಯುತ್ತದೆ ಅಲ್ವಾ ಅಂತ ಯಾರಾದರೂ ಕೇಳುತ್ತಾರೆ, ಪ್ರತಿ ಸಲ ಕೇಳುತ್ತಾರೆ. ಬೇಡ. ಒಣಗಿದ ಪೀಟ್‌ಗೆ ಬೆಂಕಿ ಇಳಿದರೆ ಮೇಲೆ ಜ್ವಾಲೆ ಕಾಣದೆ ಒಳಗೊಳಗೇ ವಾರ, ತಿಂಗಳುಗಟ್ಟಲೆ ಹೊಗೆಯಾಡುತ್ತದೆ. ಮಿಕ್ಕದ್ದೆಲ್ಲ ಹೋಗಿ ಬೋಳು ಕಪ್ಪು ನೆಲ ಉಳಿಯುತ್ತದೆ.

ಬೋಳು ನೆಲ ಮುಚ್ಚುವುದು

ಬೋಳು ಪೀಟ್‌ಗೆ ಕಾದು ಕೂತ ಒಬ್ಬ ಅತಿಥಿ ಇದ್ದಾನೆ, ಕ್ಯಾಂಪಿಲೋಪಸ್ ಇಂಟ್ರೋಫ್ಲೆಕ್ಸಸ್ ಅನ್ನುವ ಪಾಚಿ. ದಕ್ಷಿಣ ಗೋಳಾರ್ಧದ್ದು, ಬ್ರಿಟನ್ನಿನಲ್ಲಿ 1941ರಲ್ಲಿ ಕಂಡುಬಂತು, ಆಮೇಲೆ ಯೂರೋಪಿನ ಉದ್ದಗಲಕ್ಕೂ ಹೋಯಿತು. ಒಣ ಹವೆಯಲ್ಲಿ ಎಲೆತುದಿಯ ಬಿಳಿ ಕೂದಲು ನಕ್ಷತ್ರದ ಹಾಗೆ ಹರಡಿಕೊಂಡು ಕಾಣುತ್ತದೆ. ದಪ್ಪ ಕಂಬಳಿ ಹಾಸಿ ಬೇರೆ ಬೀಜಕ್ಕೆ ಜಾಗವೇ ಕೊಡುವುದಿಲ್ಲ. ಇದನ್ನು ಕೆರೆದು ತೆಗೆಯಲು ಹೋದರೆ ಚೂರು ಚೂರಾಗಿ ಇನ್ನೂ ಹರಡುತ್ತದೆ, ಪ್ರತಿ ಚೂರೂ ಹೊಸ ಗಿಡ. ಇದಕ್ಕೆ ಮದ್ದು ಒಂದೇ, ಅದು ಬರುವ ಮುಂಚೆ ನೆಲ ಮುಚ್ಚುವುದು, ಮತ್ತೆ ನೀರು ಮೇಲಕ್ಕೆ ತರುವುದು.

ಕೆನಡಾದಲ್ಲಿ ಪೀಟ್ ತೆಗೆದು ಬಿಟ್ಟ ಜಾಗಗಳಿಗೆ ಬಳಸುವ ವಿಧಾನ ಹೀಗಿದೆ. ಚೆನ್ನಾಗಿರುವ ಜೌಗಿನಿಂದ ಮೇಲಿನ 10 ಸೆಂಟಿಮೀಟರ್‌ನಷ್ಟು ಸ್ಫ್ಯಾಗ್ನಮ್ ಮಾತ್ರ ತೆಗೆಯುತ್ತಾರೆ, ಚೂರು ಮಾಡಿ ಸುಮಾರು ಹತ್ತು ಪಟ್ಟು ಜಾಗದ ಮೇಲೆ ತೆಳ್ಳಗೆ ಹರಡುತ್ತಾರೆ, ಮೇಲೆ ಹೆಕ್ಟೇರಿಗೆ ಸುಮಾರು 3000 ಕಿಲೋ ಒಣಹುಲ್ಲು ಹೊದಿಸುತ್ತಾರೆ. ಹುಲ್ಲಿನ ಕೆಳಗೆ ತಂಪು, ತೇವ ಎರಡೂ ಉಳಿದು ಪಾಚಿ ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ಮಾಡುವ ಮುಂಚೆ ಕಾಲುವೆ ಮುಚ್ಚಿರಲೇಬೇಕು, ಇಲ್ಲದಿದ್ದರೆ ಒಣಹುಲ್ಲಿನ ಕೆಳಗೆ ಒಣಪಾಚಿ ಸಿಗುತ್ತದೆ. ಹುಲ್ಲು ಎಲ್ಲಿಂದ ಬಂತು ಅಂತಲೂ ಕೇಳಿ, ಕಳೆ ಬೀಜ ತುಂಬಿದ ಹುಲ್ಲಾದರೆ ಕೈಯಾರೆ ಬಿತ್ತಿದ ಹಾಗಾಗುತ್ತದೆ.

ಬೂಟು, ಗಾಡಿ, ದಾರಿ

ಬೀಜ ತರುವವರ ಪಟ್ಟಿಯಲ್ಲಿ ನಾವೂ ಇದ್ದೇವೆ. ಬೂಟಿನ ತಳದ ಗೀರುಗಳಲ್ಲಿ ಕೆಸರು, ಕೆಸರಿನಲ್ಲಿ ಬೀಜ. ಒಂದು ಜೌಗಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಗಟ್ಟಿ ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ಕಾಲುಚೀಲದ ಒಳಗೂ, ಚೀಲದ ಅಡಿಯಲ್ಲೂ ನೋಡಿ. ಯಂತ್ರ ಬಂದರೆ ಅದರ ಚೈನ್ ಪಟ್ಟಿ ಬಿಚ್ಚಿ ತೊಳೆಸಿ, ಡ್ರೈವರ್ ಗೊಣಗಲಿ ಬಿಡಿ.

ದಾರಿಯದ್ದು ಬಹಳ ಜನಕ್ಕೆ ಹೊಳೆಯದ ಸಂಗತಿ. ಜೌಗಿನ ನಡುವೆ ಓಡಾಡಲು ಸುಣ್ಣಕಲ್ಲಿನ ಜಲ್ಲಿ ಸುರಿದರೆ ಮಳೆಗೆ ಸುಣ್ಣ ಕರಗಿ ಎರಡೂ ಬದಿಯ ಹುಳಿ ನೆಲಕ್ಕೆ ಇಳಿಯುತ್ತದೆ, ಹುಳಿ ಕಡಿಮೆಯಾದ ಆ ಪಟ್ಟಿಯಲ್ಲಿ ರಸ್ತೆಬದಿಯ ಕಳೆಗಳೆಲ್ಲ ಸಾಲಾಗಿ ಜೌಗಿನ ಹೊಟ್ಟೆಯವರೆಗೂ ನಡೆದು ಹೋಗುತ್ತವೆ. ಮರದ ಹಲಗೆ ಹಾಸಿ. ಜಲ್ಲಿಯೇ ಬೇಕು ಅಂದರೆ ಸುಣ್ಣವಿಲ್ಲದ ಕಲ್ಲು ಹುಡುಕಿ.

ಮತ್ತೆ ಹೋಗಿ ನೋಡುವುದು

ಒಂದು ಪುಸ್ತಕ ಇಡಿ. ಫೋಟೋ ತೆಗೆಯಲು ನಾಲ್ಕು ಗೂಟ ನೆಟ್ಟು, ಪ್ರತಿ ವರ್ಷ ಅದೇ ಗೂಟದ ಮೇಲೆ ಕ್ಯಾಮೆರಾ ಇಟ್ಟು, ಅದೇ ತಿಂಗಳಲ್ಲಿ ತೆಗೆಯಿರಿ. 2 ಮೀಟರ್ ಉದ್ದ 2 ಮೀಟರ್ ಅಗಲದ ಕೆಲವು ಚೌಕ ಗುರುತು ಮಾಡಿ, ಒಳಗೆ ಎಷ್ಟು ಸಸಿ, ಯಾವ ಗಿಡ, ಬೋಳು ನೆಲ ಎಷ್ಟು ಅಂತ ಬರೆಯಿರಿ. ಪಕ್ಕದಲ್ಲೇ ಪೈಪ್‌ನ ನೀರಿನ ಅಳತೆ. ಈ ಎರಡು ಅಂಕಿ ಒಂದೇ ಪುಟದಲ್ಲಿ ಇರಬೇಕು, ಬೇರೆ ಬೇರೆ ಕಡೆ ಬರೆದರೆ ಯಾರೂ ಜೋಡಿಸಿ ನೋಡುವುದಿಲ್ಲ.

ಮೊದಲ ಎರಡು ವರ್ಷ ಸಸಿ ಕಡಿಮೆಯಾಗದಿದ್ದರೆ ನಿರಾಸೆ ಬೇಡ, ಹಳೆ ಬೀಜ ಮೊಳೆಯುತ್ತಿರುತ್ತದೆ. ಮೂರನೇ ವರ್ಷ ಒಂದು ಚೌಕದಲ್ಲಿ ಮಾತ್ರ ಲೆಕ್ಕ ಏರಿದೆ, ಅಲ್ಲಿಯ ಪೈಪ್‌ನಲ್ಲಿ ನೀರು ಇಳಿದಿದೆ ಅಂದರೆ ಗಿಡ ಕೀಳಲು ಕೂರಬೇಡಿ. ಹತ್ತಿರದ ಕಟ್ಟೆಗೆ ಹೋಗಿ ಎರಡೂ ತುದಿಗಳಲ್ಲಿ, ಕಟ್ಟೆ ಗೋಡೆಯೊಳಗೆ ಸೇರುವ ಕಡೆ, ಕೈ ಇಳಿಸಿ ತಡವಿ. ಸಾಮಾನ್ಯವಾಗಿ ನೀರು ದಾರಿ ಮಾಡಿಕೊಂಡಿರುವುದು ಅಲ್ಲೇ, ಬೆರಳು ಹಿಡಿಸುವಷ್ಟು ಸಣ್ಣ ತೂತು, ಕೈಗೆ ತಣ್ಣಗೆ ಹರಿವು ಸಿಗುತ್ತದೆ. ಒದ್ದೆ ಪೀಟ್ ತುರುಕಿ, ತುಳಿದು, ಮೇಲೆ ಹೆಂಟೆ ಹೊದಿಸಿ. ಒಂದು ವಾರ ಬಿಟ್ಟು ಬಂದು ಪೈಪ್ ನೋಡಿ, ಆಮೇಲೆ ಸಸಿ ಕೀಳಿ.